ಅನಾತ್ಮ ಎಂದರೆ ಸಾಲ ಮನ್ನಾ ಅಲ್ಲ



*ಇಂದಿನ ಚಿಂತನೆ:* ನಾನು ಈಗ ಬದಲಾಗಿದ್ದೇನೆ. ಹಾಗಾದರೆ ಬದಲಾಗುವ ಮೊದಲು ಮಾಡಿದ್ದಕ್ಕೆ ನಾನು ಹೊಣೆಯೇ?

ಈ ವಾರ ಬರೆಯುವ ಸರದಿ ನನ್ನದು. ಬೆಳಗಿನ ಓದಿಗೆ ಸ್ವಲ್ಪ ಉದ್ದವಾಯಿತು. ಒಂದೇ ಸಲಕ್ಕೆ ಆಗದಿದ್ದರೆ ಅರ್ಧವನ್ನು ಸಂಜೆಗೆ ಇಟ್ಟುಕೊಳ್ಳಿ.

ಹೋದ ವರ್ಷ ನಾವು ಮಿಲಿಂದಪನ್ಹ ಓದುವಾಗ ನಾನು ಆಡಿದ ಒಂದು ಮಾತು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅನಾತ್ಮದ ಬಗ್ಗೆ ಚರ್ಚೆ ನಡೆದಿತ್ತು. "ಇವತ್ತಿನ ನಾನು ನಿನ್ನೆಯ ನಾನಲ್ಲ ಎಂದ ಮೇಲೆ ಸಾಲ ತೆಗೆದುಕೊಂಡವನು ಯಾರು, ತೀರಿಸಬೇಕಾದವನು ಯಾರು?" ಎಂದು ಕೇಳಿದ್ದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಆದರೆ ಅದು ತಮಾಷೆಗೆ ಆಡಿದ ಮಾತಾಗಿರಲಿಲ್ಲ. ಅದರ ಹಿಂದೆ ಒಂದು ಲೆಕ್ಕವಿತ್ತು, ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ.

ಆ ಲೆಕ್ಕವನ್ನು ಮತ್ತೆ ನನ್ನ ಮುಂದೆ ತಂದದ್ದು ಒಂದು ಹಳೆಯ ಹಡಗು.

*ಪೋರ್ಟ್ಸ್‌ಮತ್‌ನಲ್ಲಿ*

ಮಗಳು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಒಂದು ಶನಿವಾರ ಪಕ್ಕದ ಪೋರ್ಟ್ಸ್‌ಮತ್ ಬಂದರಿಗೆ ಕರೆದುಕೊಂಡು ಹೋದಳು. ಅಲ್ಲಿಯ ರೈಲು ನಿಲ್ದಾಣ ನೀರಿನ ಮೇಲೇ ಕಂಬ ನೆಟ್ಟು ಕಟ್ಟಿದ್ದು. ಇಳಿದ ಕೂಡಲೇ ಮೂಗಿಗೆ ಸಮುದ್ರದ ವಾಸನೆ, ಕಣ್ಣಿಗೆ ಹಡಗಿನ ಕಂಬಗಳು. ನಾಲ್ಕು ಹೆಜ್ಜೆ ನಡೆದರೆ ಹಳೆಯ ನೌಕಾನೆಲೆಯ ಬಾಗಿಲು. ಒಳಗೆ ಬೇರೆ ಬೇರೆ ಶತಮಾನಗಳ ಹಡಗುಗಳು ಒಂದೇ ಆವರಣದಲ್ಲಿವೆ. ಅವುಗಳಲ್ಲಿ ಎರಡರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು 'ವಿಕ್ಟರಿ'. 1759ರಲ್ಲಿ ಇದರ ಅಡಿಮರ ಇಟ್ಟರು, 1765ರಲ್ಲಿ ನೀರಿಗಿಳಿಸಿದರು. ಕಟ್ಟಲು ಸುಮಾರು 6,000 ಮರ ಕಡಿದರಂತೆ, ಬಹುಪಾಲು ಓಕ್. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ನೌಕಾಪತಿ ನೆಲ್ಸನ್ ಗುಂಡೇಟು ತಿಂದು ಸತ್ತದ್ದು ಇದೇ ಹಡಗಿನಲ್ಲಿ. 1922ರಿಂದ ಅದು ನೀರಿಲ್ಲದ ಡ್ರೈ ಡಾಕ್‌ನಲ್ಲಿ ಆನಿಸಿಕೊಂಡು ನಿಂತಿದೆ. ತನ್ನ ಭಾರಕ್ಕೆ ತಾನೇ ಕುಸಿಯತೊಡಗಿದ್ದರಿಂದ ಈಚೆಗೆ 134 ಉಕ್ಕಿನ ಊರೆಗಳನ್ನು ಕೊಟ್ಟಿದ್ದಾರೆ. ಮಳೆನೀರು, ಬೂಷ್ಟು, ಮರ ಕೊರೆಯುವ ಹುಳು, ಎಲ್ಲವೂ ಅದನ್ನು ತಿನ್ನುತ್ತಿವೆ. 2022ರಲ್ಲಿ ಮತ್ತೊಂದು ದೊಡ್ಡ ದುರಸ್ತಿ ಶುರುವಾಯಿತು. ಹೊರಮೈಯ ಹಲಗೆಗಳನ್ನು ಕಿತ್ತು, ಹೊಸ ಓಕ್ ಹಲಗೆ ಕೂರಿಸುವ ಕೆಲಸ ವರ್ಷಗಟ್ಟಲೆ ನಡೆಯುವಂಥದ್ದು.

ಮಗಳು ಅಲ್ಲಿಯ ವಿವರ ಓದಿ ಹೇಳಿದಳು: "ಅಪ್ಪ, ಇದರಲ್ಲಿ ಮೊದಲಿನ ಮರ ಐದರಲ್ಲಿ ಒಂದು ಪಾಲು ಉಳಿದಿದ್ದರೆ ಹೆಚ್ಚಂತೆ."

"ಹಾಗಾದರೆ ಇದು ಆ ಹಡಗು ಹೇಗಾಗುತ್ತೆ?"

"ಟಿಕೆಟ್ ತಗೊಂಡಾಯ್ತಲ್ಲ, ಈಗ ಕೇಳಿದರೆ ದುಡ್ಡು ವಾಪಸ್ ಕೊಡಲ್ಲ" ಎಂದು ನಕ್ಕಳು.

ಇನ್ನೊಂದು ವಿಷಯವೂ ತಿಳಿಯಿತು. ಟ್ರಫಾಲ್ಗರ್‌ಗೆ ಹೊರಡುವ ಮೊದಲೇ, 1800ರಿಂದ 1803ರವರೆಗೆ, ಈ ಹಡಗನ್ನು ದೊಡ್ಡ ಮಟ್ಟದಲ್ಲಿ ಬಿಚ್ಚಿ ಮತ್ತೆ ಕಟ್ಟಿದ್ದರು. ಅಂದರೆ ಆ ಪ್ರಸಿದ್ಧ ದಿನವೂ ಅದು ಪೂರ್ತಿ 'ಅದೇ' ಹಡಗಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ದುರಸ್ತಿಗಳಲ್ಲಿ ಓಕ್ ಬದಲು ತೇಗವನ್ನೂ ಬಳಸಿದ್ದಾರೆ. ತೇಗ ಎಂದ ಕೂಡಲೇ ನನಗೆ ತರೀಕೆರೆ ಬಳಿಯ ನಮ್ಮ ಹಳೆ ಮನೆಯ ಬಾಗಿಲು ನೆನಪಾಯಿತು. ಯಾಕೆ ನೆನಪಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

*ಒಂದೇ ಪ್ರಶ್ನೆ, ಎರಡು ನಾಡು*

ಇದು ಹಳೆಯ ಪ್ರಶ್ನೆ. ಅಥೆನ್ಸ್‌ನವರು ತಮ್ಮ ವೀರ ಥೀಸಿಯಸ್‌ನ ಹಡಗನ್ನು ಹಲಗೆ ಬದಲಿಸುತ್ತಾ ಕಾಪಾಡಿಕೊಂಡಿದ್ದರು, ಅದು ಅದೇ ಹಡಗೋ ಬೇರೆಯದೋ ಎಂದು ತತ್ವಜ್ಞಾನಿಗಳು ವಾದಿಸುತ್ತಿದ್ದರು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮಲ್ಲಿ ಅದೇ ಪ್ರಶ್ನೆಯನ್ನು ಭಿಕ್ಷು ನಾಗಸೇನರು ರಥದ ಮೂಲಕ ಎತ್ತಿದರು. ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಸೇರಿದಾಗ ನಾವು ಕರೆಯುವ ಹೆಸರು ರಥ. ಕೇಳುತ್ತಾ ಕುಳಿತಿದ್ದ ರಾಜ ಮಿಲಿಂದನೂ ಗ್ರೀಕ್ ವಂಶದವನೇ, ಮೆನಾಂಡರ್. ಸ್ವಾರಸ್ಯವೆಂದರೆ ಆ ಮೆನಾಂಡರ್ ಸತ್ತಾಗ ಅವನ ಚಿತಾಭಸ್ಮವನ್ನು ಊರೂರಿನವರು ಪಾಲು ಮಾಡಿಕೊಂಡು ಸ್ಮಾರಕ ಕಟ್ಟಿದರೆಂದು ಬರೆದಿರುವವನೂ ಅದೇ ಪ್ಲುಟಾರ್ಕ್. ಹಡಗಿನ ಕಥೆ ಮತ್ತು ರಥದ ಕಥೆಯ ರಾಜ, ಇಬ್ಬರೂ ಒಬ್ಬನೇ ಲೇಖಕನ ಬರಹದಲ್ಲಿದ್ದಾರೆ.

ರಥದ ಉಪಮೆ ನಮಗೆಲ್ಲ ಬಾಯಿಪಾಠ. ನಾನು ಅಲ್ಲಿಗೇ ನಿಂತಿದ್ದೆ. ಅಲ್ಲಿಗೆ ನಿಂತರೆ ಅನುಕೂಲವೂ ಇತ್ತು.

ವಿಕ್ಟರಿಯ ಮೇಲ್ಗಡೆ, ನೆಲ್ಸನ್ ಬಿದ್ದ ಜಾಗದಲ್ಲಿ ಒಂದು ಹಿತ್ತಾಳೆ ಫಲಕವಿದೆ. ಜನ ಅದರ ಮುಂದೆ ನಿಂತು ಮೌನವಾಗುತ್ತಾರೆ. ಇದು ಕೊಲ್ಲಲು ಕಟ್ಟಿದ ಹಡಗು, 104 ತೋಪುಗಳನ್ನು ಹೊತ್ತದ್ದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಚಾರ. ಇಲ್ಲಿ ಯಾರೂ "ಈ ಹಲಗೆ ಹೊಸದು, ಆದ್ದರಿಂದ ನೆಲ್ಸನ್ ಇಲ್ಲಿ ಬೀಳಲಿಲ್ಲ" ಎನ್ನುವುದಿಲ್ಲ. ಕೀರ್ತಿಯ ವಿಷಯ ಬಂದಾಗ ಅದು ಅದೇ ಹಡಗು. ಅದರಲ್ಲಿ ಯಾರಿಗೂ ಅನುಮಾನವಿಲ್ಲ.

ನನ್ನ ವಿಷಯದಲ್ಲಿಯೂ ಹಾಗೆಯೇ ಅಲ್ಲವೇ? ಪ್ರತಿ ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಹೋಗುತ್ತೇನೆ. ಬೆರಳಚ್ಚು ಒತ್ತಿ, ಮೂವತ್ತೈದು ವರ್ಷ ಕೆಲಸ ಮಾಡಿದ ಆ ಮನುಷ್ಯ ನಾನೇ ಎಂದು ಸಾಬೀತು ಮಾಡಿ ಬರುತ್ತೇನೆ. "ಆ ಗುಮಾಸ್ತ ಬೇರೆ, ನಾನು ಬೇರೆ, ಪಿಂಚಣಿ ಬೇಡ" ಎಂದು ಒಂದು ವರ್ಷವೂ ಹೇಳಿಲ್ಲ. ಪಿಂಚಣಿಗೆ ಅದೇ ನಾನು. ಸಾಲಕ್ಕೆ ಮಾತ್ರ ಅನಾತ್ಮ!

*ಎರಡು ಬಳೆ*

ಈಗ ಆ ಲೆಕ್ಕ ಹೇಳುತ್ತೇನೆ.

1991ರಲ್ಲಿ ನನ್ನ ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೇಗದ ಬಾಗಿಲಿನ ಆ ಮನೆಯ ನಡುಕೋಣೆಯಲ್ಲಿ ಅವಳ ಟ್ರಂಕು ಇತ್ತು. ನನಗೆ ಆಗ ಒಂದು ಸೈಟು ಮಂಜೂರಾಗಿತ್ತು, ಮೊದಲ ಕಂತು ಕಟ್ಟಲು ದುಡ್ಡಿರಲಿಲ್ಲ, ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಅವಳ ಎರಡು ಚಿನ್ನದ ಬಳೆ ತೆಗೆದುಕೊಂಡು ಹೋಗಿ ಗಿರವಿ ಇಟ್ಟೆ. ಮೂರು ತಿಂಗಳಲ್ಲಿ ಬಿಡಿಸಿ, ಯಾರಿಗೂ ಗೊತ್ತಾಗದಂತೆ ಅದೇ ಜಾಗದಲ್ಲಿ ಇಡುವುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಿಡಿಸಲಾಗಲಿಲ್ಲ. ಗಿರವಿ ಮುಳುಗಿತು.

ಬಳೆ ಕಾಣದಾದಾಗ ಅವ್ವ ಕೇಳಿದಳು. ನಾನು, "ಅವಳೇ ಕೊಟ್ಟಳು, ಸೈಟಿಗೆ ಬೇಕು ಅಂದಿದ್ದಕ್ಕೆ" ಎಂದೆ. ತಂಗಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತಿದ್ದಳು. ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಗಂಡನ ಮನೆಯಲ್ಲಿ ಬಳೆ ಎಲ್ಲಿ ಎಂದು ಕೇಳಿದಾಗ ತಾನೇ ಕಳೆದುಕೊಂಡೆ ಎಂದಳಂತೆ. ಅದಕ್ಕೆ ಅವಳು ಎಷ್ಟು ವರ್ಷ ಮಾತು ಕೇಳಿದಳೋ ನನಗೆ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.

ಆಮೇಲೆ ನಮ್ಮ ನಡುವೆ ಜಗಳವೇನೂ ಆಗಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಸೀರೆ ಕಳಿಸುತ್ತಿದ್ದೆ, ಅವಳು ಉಡುತ್ತಿದ್ದಳು. ಅವಳ ಮಗನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದೆ. ಅವ್ವ 2009ರಲ್ಲಿ ತೀರಿಕೊಂಡಳು. ಬಳೆಯ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ. ಧಮ್ಮದ ಓದಿಗೆ ಬಂದ ಮೇಲೆ ನನಗೊಂದು ಸಮಾಧಾನ ಸಿಕ್ಕಿತು: ಆ ಇಪ್ಪತ್ತೊಂಬತ್ತು ವರ್ಷದ ಹುಡುಗ ಈಗ ಇಲ್ಲ, ಅವನ ಆಸೆಯೂ ಇಲ್ಲ, ಭಯವೂ ಇಲ್ಲ, ಇದ್ದದ್ದು ಹೋಯಿತು. ಧ್ಯಾನಕ್ಕೆ ಕುಳಿತಾಗ ನೆನಪು ಬಂದರೆ "ಬಂತು, ಹೋಯಿತು" ಎಂದು ನೋಡಿ ಬಿಡುತ್ತಿದ್ದೆ. ನೆನಪು ಹೋಗುತ್ತಿತ್ತು ಕೂಡ.

ಆದರೆ ಮಿಲಿಂದಪನ್ಹದಲ್ಲಿ ರಥದ ನಂತರ ಮಾವಿನಹಣ್ಣಿನ ಕಳ್ಳನ ಕಥೆಯಿದೆ. ಅದನ್ನು ನಾನು ಬೇಗ ಓದಿ ದಾಟಿಬಿಟ್ಟಿದ್ದೆ. ಒಬ್ಬ ಇನ್ನೊಬ್ಬನ ಮಾವಿನಹಣ್ಣು ಕದಿಯುತ್ತಾನೆ. ಸಿಕ್ಕಿಬಿದ್ದಾಗ ವಾದ ಹೂಡುತ್ತಾನೆ: ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ನನಗೇಕೆ ಶಿಕ್ಷೆ? ಅವನು ಶಿಕ್ಷೆಗೆ ಅರ್ಹನೇ ಎಂದು ನಾಗಸೇನರು ಕೇಳುತ್ತಾರೆ. ಅರ್ಹನೇ ಎನ್ನುತ್ತಾನೆ ರಾಜ, ಯಾಕೆಂದರೆ ಇವನು ಕಿತ್ತ ಹಣ್ಣು ಅವನು ನೆಟ್ಟ ಬೀಜದಿಂದಲೇ ಬಂದದ್ದು. ಅದೇ ಹಣ್ಣಲ್ಲ ನಿಜ, ಆದರೆ ಸಂಬಂಧವಿಲ್ಲದ ಬೇರೆ ಹಣ್ಣೂ ಅಲ್ಲ. ಹಾಲು ಮೊಸರಾಯಿತೆಂದು ಹಾಲಿನವನು ಕೈ ತೊಳೆದುಕೊಳ್ಳಲಾಗುವುದಿಲ್ಲ. ನಾಗಸೇನರು ರಥವನ್ನು ಬಿಚ್ಚಿದ್ದು ನಮ್ಮನ್ನು ಹೊಣೆಯಿಂದ ಬಿಡಿಸಲು ಅಲ್ಲ.

ನನ್ನ ಬಳೆಗಳ ಸಂತತಿ ನೋಡಿ. ಬಳೆ ಕಂತಾಯಿತು. ಕಂತು ಸೈಟಾಯಿತು. ಸೈಟು ಮನೆಯಾಯಿತು. ಭಾನುವಾರ ನಾವೆಲ್ಲ ಸೇರಿ ಓದುವ ಹಾಲ್ ಇದೆಯಲ್ಲ, ಅದು ಆ ಮನೆಯ ಹಾಲ್. ನಾನು ಅನಾತ್ಮದ ಬಗ್ಗೆ ಆ ಮಾತಾಡಿದ್ದು ಅಲ್ಲೇ ಕುಳಿತು.

*ಹತ್ತೊಂಬತ್ತು ವರ್ಷ ಮೇಣ ಕುಡಿದ ಹಡಗು*

ಎರಡನೆಯ ಹಡಗು 'ಮೇರಿ ರೋಸ್'. ಎಂಟನೆಯ ಹೆನ್ರಿಯ ಕಾಲದ್ದು. 1545ರ ಜುಲೈ 19ರಂದು ಫ್ರೆಂಚರೊಡನೆ ಕಾದಾಡುವಾಗ ಬಂದರಿನ ಎದುರಿಗೇ ಮುಳುಗಿತು. ಸುಮಾರು 500 ಜನರಲ್ಲಿ ಬದುಕಿದವರು ಮೂವತ್ತೈದಕ್ಕೂ ಕಡಿಮೆ. ಕೆಸರಿನಲ್ಲಿ ಹೂತಿದ್ದ ಒಂದು ಪಕ್ಕ ಮಾತ್ರ ಕೊಳೆಯದೆ ಉಳಿಯಿತು. 437 ವರ್ಷಗಳ ನಂತರ, 1982ರಲ್ಲಿ, ಅದನ್ನು ಮೇಲೆತ್ತಿದರು. ಒಣಗಿದರೆ ಮರ ಸುಕ್ಕಾಗಿ ಸೀಳುತ್ತದೆ ಎಂದು ವರ್ಷಗಟ್ಟಲೆ ತಣ್ಣೀರು ಸಿಂಪಡಿಸಿದರು. 1994ರಿಂದ 2013ರವರೆಗೆ ಮೇಣದಂಥ ಒಂದು ರಾಸಾಯನಿಕ ದ್ರಾವಣ ಸಿಂಪಡಿಸಿದರು. ಈಗ ಅದು ಗಾಜಿನಾಚೆ, ಮಬ್ಬು ಬೆಳಕಿನಲ್ಲಿ, ಅಳತೆಯ ತಂಪಿನಲ್ಲಿದೆ. ಸುತ್ತ ನಾವಿಕರ ಮರದ ಬಟ್ಟಲು, ಚಪ್ಪಲಿ, ಹೇನಿನ ಬಾಚಣಿಗೆ, ಒಂದು ನಾಯಿಯ ಎಲುಬುಗೂಡು.

ವಿಕ್ಟರಿಗೆ ಎದುರು ಉದಾಹರಣೆ ಇದು. ಮರ ಅದೇ, ಐನೂರು ವರ್ಷದ ಹಿಂದಿನದೇ. ಆದರೆ ಇರುವುದು ಅರ್ಧ ಹಡಗು. ಇದರ ಮೇಲೆ ಯಾರೂ ಕಾಲಿಟ್ಟು ಕೆಲಸ ಮಾಡುವಂತಿಲ್ಲ. ಇತಿಹಾಸಕ್ಕೆ ಇದು ದೊಡ್ಡ ನಿಧಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನಸ್ಸಿನೊಳಗೆ ತಪ್ಪನ್ನು ಹೀಗೆ ಕಾಪಾಡುವುದೂ ಉಂಟು. ಗಾಜಿನಾಚೆ ಇಟ್ಟು, ಆಗಾಗ ಹೋಗಿ ನೋಡಿ, ನಿಟ್ಟುಸಿರು ಬಿಟ್ಟು, ಮುಟ್ಟದೆ ಬರುವುದು. ಇದಕ್ಕೆ ಧಮ್ಮದಲ್ಲಿ ಕುಕ್ಕುಚ್ಚ ಎನ್ನುತ್ತಾರೆ, ಐದು ನೀವರಣಗಳಲ್ಲಿ ಸೇರಿದ್ದು. ಕೊರಗು ಎಂದರೆ ಒಳ್ಳೆಯತನದ ಗುರುತು ಎಂದು ನಾವು ಭಾವಿಸುತ್ತೇವೆ. ಬುದ್ಧ ಅದನ್ನು ಅಡ್ಡಿಗಳ ಪಟ್ಟಿಯಲ್ಲಿ ಇಟ್ಟ. ನಾನು ಎರಡನ್ನೂ ಮಾಡಿದ್ದೆ. ಹಗಲಿನಲ್ಲಿ "ಅವನು ನಾನಲ್ಲ" ಎನ್ನುತ್ತಿದ್ದೆ, ರಾತ್ರಿ ಕೆಲವೊಮ್ಮೆ ಗಾಜಿನ ಮುಂದೆ ನಿಲ್ಲುತ್ತಿದ್ದೆ. ಎರಡರಲ್ಲೂ ತಂಗಿಗೆ ಬಳೆ ಸಿಗಲಿಲ್ಲ.

*ಕೊಳೆತ ಹಲಗೆಯೇ ಅಳತೆ*

ಹೊರಡುವ ಮುನ್ನ ಮರದ ದೋಣಿಗಳ ದುರಸ್ತಿ ನಡೆಯುವ ದೊಡ್ಡ ಶೆಡ್ಡಿಗೆ ಹೋದೆವು. ಅಲ್ಲಿ ದೋಣಿ ಕಟ್ಟುವುದನ್ನು ಕಲಿಸುತ್ತಾರೆ. ಒಬ್ಬ ಹಿರಿಯ ಬಡಗಿ ಒಂದು ಹಳೆಯ ದೋಣಿಯ ಪಕ್ಕ ಕುಳಿತಿದ್ದ. "ಯಾವ ಹಲಗೆ ಕೊಳೆತಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಅವನು ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಯನ್ನು ಉದ್ದಕ್ಕೂ ತಟ್ಟುತ್ತಾ ಬಂದ. ಟಕ್, ಟಕ್, ಟಕ್. ಒಂದು ಕಡೆ ದಪ್ ಎಂದಿತು. ಕಣ್ಣಿಗೆ ಅಲ್ಲಿ ಏನೂ ಇರಲಿಲ್ಲ. "ಬಣ್ಣ ಯಾವಾಗಲೂ ಚೆನ್ನಾಗಿಯೇ ಇರುತ್ತೆ" ಎಂದ.

ಆಮೇಲೆ ಬೆಂಚಿನ ಮೇಲಿದ್ದ ಇನ್ನೊಂದು ಹಲಗೆ ತೋರಿಸಿದ. ಕಿತ್ತು ತೆಗೆದ ಕೊಳೆತ ಹಲಗೆ. ಅದನ್ನು ಎಸೆಯುವುದಿಲ್ಲವಂತೆ. ಹೊಸ ಮರದ ಮೇಲೆ ಅದನ್ನೇ ಇಟ್ಟು ಗೆರೆ ಎಳೆಯುತ್ತಾರೆ. ಹೊಸ ಹಲಗೆಗೆ ಹಳೆಯ ಹಲಗೆಯೇ ಅಳತೆ. ಎಷ್ಟೇ ಒಳ್ಳೆಯ ಮರ ತಂದರೂ ಆ ಆಕಾರಕ್ಕೆ ಕೊಯ್ಯದಿದ್ದರೆ ನೀರು ಒಳಗೆ ಬರುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ರಾತ್ರಿ ಎರಡು ಗಂಟೆಯಾದಾಗ ನಮ್ಮಲ್ಲಿ ಬೆಳಗಾಗಿತ್ತು. ತಂಗಿಗೆ ಫೋನ್ ಮಾಡಿದೆ. ಅವಳು ಹೆದರಿ, "ಏನಾಯ್ತು ಅಣ್ಣಯ್ಯ, ಹುಷಾರಾಗಿದೀಯಾ?" ಎಂದಳು.

"ನಿನ್ನ ಬಳೆ ವಾಪಸ್ ಕೊಡಬೇಕು" ಎಂದೆ.

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ಬಳೆ ಹೋಗಲಿ ಬಿಡು. ನಾನೇ ಕೊಟ್ಟೆ ಅಂತ ಅವ್ವನ ಮುಂದೆ ಅಂದ್ಯಲ್ಲ ಅಣ್ಣಯ್ಯ. ನಾನು ಕೊಟ್ಟಿರಲಿಲ್ಲ."

ಇಷ್ಟು ವರ್ಷ ನಾನು ಚಿನ್ನದ ತೂಕ ಲೆಕ್ಕ ಹಾಕಿದ್ದೆ. ಬ್ಯಾಂಕಿನವನ ಬುದ್ಧಿ. ಕೊಳೆತಿದ್ದ ಹಲಗೆ ಅದಾಗಿರಲಿಲ್ಲ. ಅವಳು ಹೊತ್ತುಕೊಂಡು ಬಂದದ್ದು ನನ್ನ ಸುಳ್ಳನ್ನು.

"ಹೌದು. ನೀನು ಕೊಟ್ಟಿರಲಿಲ್ಲ. ನಾನು ಕದ್ದೆ" ಎಂದೆ. ಹೇಳುವಾಗ ಗಂಟಲು ಕಟ್ಟಿತು. ಆದರೆ ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ.

"ಅವ್ವ ಇಲ್ಲವಲ್ಲ, ಇನ್ಯಾರಿಗೆ ಹೇಳ್ತೀಯ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಚಳಿ ಜಾಸ್ತಿನಾ?" ಎಂದು ಕೇಳಿದಳು.

ಊರಿಗೆ ಬಂದ ಮೇಲೆ ಅಷ್ಟೇ ತೂಕದ ಎರಡು ಬಳೆ ಮಾಡಿಸಿಕೊಂಡು ಹೋದೆ. ಅವಳ ಗಂಡ, ಮಗ, ಸೊಸೆ ಕುಳಿತಿರುವಾಗ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಭಾವ ತಲೆ ತಗ್ಗಿಸಿ ಕೇಳಿದರು. ತಂಗಿ ಬಳೆ ತೊಟ್ಟುಕೊಳ್ಳಲಿಲ್ಲ, ಒಳಗೆ ತೆಗೆದಿಟ್ಟಳು. ಊಟ ಬಡಿಸಿದಳು. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ನಿಮ್ಮ ಬಳಗಕ್ಕೆ ಬರೆಯಲೇ ಎಂದು ಕೇಳಿದ್ದಕ್ಕೆ, "ಬರಿ" ಎಂದಳು. ಅದಕ್ಕೇ ಬರೆದಿದ್ದೇನೆ.

*ಹಾಗಾದರೆ ಅನಾತ್ಮ ಎಂದರೇನು?*

ಅದೇ ಬಳೆಯಲ್ಲ, ಅದೇ ಕೈಯಲ್ಲ, ಅದೇ ಅಣ್ಣನೂ ಅಲ್ಲ. ಆದರೂ ಸಾಲ ಅದೇ ಸಾಲ. ನನಗೆ ಈಗ ಅರ್ಥವಾಗಿರುವುದು ಇಷ್ಟು: ಅನಾತ್ಮ ಸಾಲ ಮನ್ನಾ ಮಾಡುವುದಿಲ್ಲ, ಸಾಲ ತೀರಿಸುವ ಧೈರ್ಯ ಕೊಡುತ್ತದೆ. ನನ್ನೊಳಗೆ ಬದಲಾಗದ ಒಬ್ಬ 'ನಾನು' ಇದ್ದಿದ್ದರೆ ಆ ಕಳ್ಳ ಎಂದೆಂದಿಗೂ ಕಳ್ಳನೇ. ಆಗ ಮುಚ್ಚಿಡುವುದು ಬಿಟ್ಟು ಬೇರೆ ದಾರಿಯೇ ಇರುತ್ತಿರಲಿಲ್ಲ. ಹಾಗೊಬ್ಬ ಇಲ್ಲವಾದ್ದರಿಂದಲೇ ಹಲಗೆ ಬದಲಿಸಬಹುದು. ನಾನು ಕಾಪಾಡಿಕೊಂಡು ಬಂದಿದ್ದ 'ಒಳ್ಳೆಯ ಅಣ್ಣ' ಎಂಬ ಚಿತ್ರ ಬರೀ ಬಣ್ಣ ಎಂದು ತಿಳಿದ ಮೇಲೆ ಅದನ್ನು ಕೆರೆಯಲು ಅಷ್ಟು ನೋವಾಗುವುದಿಲ್ಲ.

ವಿಕ್ಟರಿ ಇಂದಿಗೂ ವಿಕ್ಟರಿಯಾಗಿ ನಿಂತಿರುವುದು ಹಳೆಯ ಮರದಿಂದಲ್ಲ. ತಲೆಮಾರಿನಿಂದ ತಲೆಮಾರಿಗೆ ಯಾರಾದರೂ ಒಬ್ಬರು "ಇದು ನಮ್ಮ ಹೊಣೆ" ಎಂದು ಸುತ್ತಿಗೆ ಹಿಡಿದಿದ್ದರಿಂದ. ಮನುಷ್ಯನ ವಿಷಯವೂ ಹೀಗೆಯೇ ಇರಬಹುದು. ನಿನ್ನೆಯವನು ನಾನೇ ಎಂಬುದಕ್ಕೆ ಒಳಗೆ ಹುಡುಕಿದರೆ ಪುರಾವೆ ಸಿಗುವುದಿಲ್ಲ. ನಿನ್ನೆಯವನು ಮಾಡಿದ್ದನ್ನು ಇವತ್ತು ಎತ್ತಿಕೊಂಡಾಗಲೇ ಆ ಎಳೆ ಕೂಡುತ್ತದೆ.

*ಇಂದಿನ ಅಭ್ಯಾಸ:* ಇವತ್ತು ಹತ್ತು ನಿಮಿಷ ಸುಮ್ಮನೆ ಕುಳಿತು ನಿಮ್ಮ ಬದುಕಿನ ಹಲಗೆಗಳನ್ನು ಒಂದೊಂದಾಗಿ ತಟ್ಟಿ ನೋಡಿ. ಎಲ್ಲಿ ದಪ್ ಎನ್ನುತ್ತದೋ ಅಲ್ಲಿ ನಿಲ್ಲಿ. ಏನು ಕೊಡಬೇಕು ಎಂದು ನೀವೇ ಲೆಕ್ಕ ಹಾಕಬೇಡಿ. ಯಾರಿಗೆ ಕೊಡಬೇಕೋ ಅವರನ್ನು ಕೇಳಿ. ಅಳತೆ ಅವರ ಹತ್ತಿರ ಇರುತ್ತದೆ.

ಭಾನುವಾರದ ಓದು ಎಂದಿನಂತೆ ಬೆಳಿಗ್ಗೆ ನಮ್ಮ ಮನೆಯಲ್ಲೇ ಇದೆ. ಆ ಹಾಲ್‌ನಲ್ಲಿ ಕೂರುವುದು ಬೇಡ ಎನ್ನಿಸಿದವರು ಸಂಕೋಚವಿಲ್ಲದೆ ತಿಳಿಸಿ, ಬೇರೆ ಕಡೆ ಸೇರೋಣ. ಈ ಸಲ ಮಾವಿನಹಣ್ಣಿನ ಭಾಗವನ್ನು ನಾನೇ ಓದುತ್ತೇನೆ.

ಎಲ್ಲರಿಗೂ ಒಳಿತಾಗಲಿ. 🙏